ದ್ರಾಕ್ಷಿ ವಾಸನೆಯ ಕಾಲು

"ಆಗಂಗಿಲ್ಲ ಬೇ!" ಎಂದವನು ಬೇರೆ ಯಾರೂ ಅಲ್ಲ, ನನ್ನ ಸ್ವಂತ ಸೋದರಮಾವ. ನಾನು ಹತ್ತನೆಯ ತರಗತಿ ಪಾಸಾಗಿ, ವಿಜಯಪುರಕ್ಕೆ ಹೋಗಿ ಸೈನ್ಸ್ ಓದುತ್ತೇನೆ ಎಂದ ದಿನ ಅವನು ಬಬಲೇಶ್ವರದ ನಮ್ಮ ಮನೆಯ ಹೊಸ್ತಿಲ ಮೇಲೆ ಕುಳಿತು ಬಸಿಯಲ್ಲಿ ಸುರಿದ ಚಹಾ ಊದುತ್ತಿದ್ದ. ಊದುವುದರ ನಡುವೆಯೇ ನನ್ನ ಭವಿಷ್ಯವನ್ನೂ ತೀರ್ಮಾನಿಸಿಬಿಟ್ಟ.

"ನಮ್ಮ ಎರಡೂ ಮನಿತನದಾಗ ಯಾರರ ಡಿಗ್ರಿ ತೊಗೊಂಡಾರೇನು? ಇಕಿ ತೊಗೊಂಡ ದಿನ ನಾ ಕಾಲಾಗ ಕಾಲ್ಮರಿ ಹಾಕ್ತೇನಿ, ನೋಡ್ರಿ!"

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಹಾಗೇ ನಿಂತಿತು. ಇದು ಸಣ್ಣ ಪಂಥವೇ? ಮಾಮಾ ಹುಟ್ಟಿದಾಗಿನಿಂದ ಚಪ್ಪಲಿ ಮೆಟ್ಟಿದವನಲ್ಲ. ಮದುವೆಯಲ್ಲಿ ಅತ್ತೆಯ ತವರಿನವರು ಕೊಟ್ಟ ಹೊಸ ಚಪ್ಪಲಿಗಳನ್ನು ಮೆರವಣಿಗೆ ಮುಗಿಯುವತನಕ ಕಂಕುಳಲ್ಲಿ ಇಟ್ಟುಕೊಂಡು ನಡೆದ ಮದುಮಗ ಅವನು! ಬರಿಗಾಲು ಅವನ ಹೆಮ್ಮೆ. ಜಾಲಿಮುಳ್ಳಿನ ಮೇಲೆ ನಡೆದು ತೋರಿಸುತ್ತಾನೆ. ಬೇಸಿಗೆಯ ಮಧ್ಯಾಹ್ನ, ಅವನ ಊರು ತಿಕೋಟಾದ ನಾಯಿಗಳೂ ನೆರಳು ಹುಡುಕುವ ಹೊತ್ತಿನಲ್ಲಿ, ಡಾಂಬರು ರಸ್ತೆಯ ನಡುವೆ ನಿಂತು ಆರಾಮಾಗಿ ಹರಟೆ ಹೊಡೆಯುತ್ತಾನೆ. ಈಚಿನ ವರ್ಷಗಳಲ್ಲಂತೂ ಹೆಮ್ಮೆ ಇನ್ನೂ ಒಂದು ಮೆಟ್ಟಿಲು ಏರಿತ್ತು.

"ಮೊದ್ಲ ಮುಳ್ಳ ಚುಚ್ಚಿದ್ದರ ಗೊತ್ತಾಗ್ತಿತ್ತು. ಈಗ ಅದೂ ಇಲ್ಲ. ಸಾಧನಾ ಅಂದ್ರ ಇದು!"

ಎಲ್ಲರೂ ತಲೆದೂಗುತ್ತಿದ್ದರು. ಅದು ಸಾಧನೆಯಲ್ಲ, ಶುಗರ್ ಒಳಗಿಂದೊಳಗೇ ಕಾಲಿನ ನರಗಳನ್ನು ಮಲಗಿಸುತ್ತಿದೆ ಎಂದು ಯಾರಿಗೆ ಗೊತ್ತಿತ್ತು?

ಇನ್ನು ಅವನ ಕನಸುಗಳ ವಿಷಯ. ತಿಕೋಟಾದ ಹತ್ತಿರ ಅವನದೊಂದು ದ್ರಾಕ್ಷಿ ತೋಟ, ಅದರ ಮಗ್ಗುಲಲ್ಲಿ ಒಣದ್ರಾಕ್ಷಿ ಮಾಡುವ ಶೆಡ್ಡು. ನಾಲ್ಕೂ ಕಡೆ ಹಸಿರು ಬಲೆಯ ಪರದೆ. ಒಳಗೆ ಒಂದರ ಮೇಲೊಂದು ಬಲೆಯ ಅಂತಸ್ತು, ಅಂತಸ್ತಿನ ತುಂಬ ಬಾಡುತ್ತಿರುವ ಹಣ್ಣು. ಹೊರಗೆ ಬಿಸಿಲು ಕೊತಕೊತ ಕುದಿಯುತ್ತಿದ್ದರೆ ಒಳಗೆ ಬೆಳಕೂ ಹಸಿರು, ಗಾಳಿಯೂ ಸಿಹಿ. ಕೆರೆಯ ತಳದಲ್ಲಿ ಕುಳಿತ ಹಾಗೆ ಅನ್ನಿಸುತ್ತದೆ. ಅಲ್ಲಿ ಮಧ್ಯಾಹ್ನ ಚಾಪೆ ಹಾಸಿದರೆ ಕನಸು ಬೀಳದೆ ಇನ್ನೇನು ಬೀಳಬೇಕು? ಬೀಳಲಿ, ಬೇಡ ಅಂದವರು ಯಾರು! ಆದರೆ ಮಾಮಾ ಎದ್ದ ಮೇಲೆ ಅದನ್ನು ಕನಸೆಂದು ಹೇಳುವುದಿಲ್ಲ, ಸುದ್ದಿ ಎಂದು ಹೇಳುತ್ತಾನೆ.

"ನಿನ್ನೆ ನಮ್ಮ ತ್ವಾಟದ ತನಕ ಸಮುದ್ರ ಬಂದಿತ್ತು. ಮೀನ ಭಾಳ ಸೋವಿ ಇದ್ವು" ಎಂದು ಚಹಾದಂಗಡಿಯಲ್ಲಿ ಹೇಳಿದರೆ, ಹೊಸಬರು ಕಪ್ಪು ಕೆಳಗಿಟ್ಟು ಆ ದಿಕ್ಕಿಗೆ ನೋಡುತ್ತಿದ್ದರು! ಅದಕ್ಕೇ ನಮ್ಮ ಮನೆಗಳಲ್ಲಿ ಅವನ ಪ್ರತಿ ಮಾತಿಗೂ ಒಂದೇ ಪ್ರಶ್ನೆ. "ಇದು ಎಚ್ಚರಿದ್ದಾಗೇನೋ, ಮಕ್ಕೊಂಡಾಗೇನೋ?"

ನಾನು ಓದಿದೆ. ಹೇಗೆ ಓದಿದೆ ಎಂದು ಹೇಳಲು ಹೊರಟರೆ ಈ ಪ್ರಬಂಧ ಅಳುಮುಂಜಿಯಾಗುತ್ತದೆ, ಬಿಡಿ. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹೋದಾಗಲೆಲ್ಲ ಪಾತ್ರೆಗಳು ಕುಣಿಯುವ ಒಂದು ಬಾಡಿಗೆ ಖೋಲಿ, ಬೆಳಿಗ್ಗೆ ಕಾಲೇಜು, ಸಂಜೆ ಮಕ್ಕಳಿಗೆ ಪಾಠ. ಬಿ.ಎಸ್ಸಿ. ಆಯಿತು. ಪ್ರಮಾಣಪತ್ರ ಅಂಚೆಯಲ್ಲಿ ಬಂತು. ಹಿಡಿದುಕೊಂಡು ತಿಕೋಟಾಕ್ಕೆ ಓಡಿದೆ.

"ಮಾಮಾ, ಕಾಲ್ಮರಿ ಹಾಕು!"

ಮಾಮಾ ಲಕೋಟೆಯನ್ನು ಆಚೀಚೆ ತಿರುಗಿಸಿ ನೋಡಿದ. "ಪೋಸ್ಟಿನ್ಯಾಗ ಬಂದದ್ದು ಲೆಕ್ಕಕ್ಕ ಇಲ್ಲ ಬೇ. ಕರೇ ಗೌನ್ ಹಾಕ್ಕೊಂಡು, ಸ್ಟೇಜ್ ಹತ್ತಿ, ಮಂದಿ ಚಪ್ಪಾಳಿ ಹೊಡದಿದ್ದರ ಅದು ಡಿಗ್ರಿ. ಇದು ಬರೇ ಟಪಾಲು."

ನೋಡಿ, ಎಂಥ ವಕೀಲ! ಅವನ ಮೇಲಿನ ಸಿಟ್ಟಿಗೇ ನಾನು ಎಂ.ಎಸ್ಸಿ. ಸೇರಿದೆ ಎಂದರೂ ತಪ್ಪಿಲ್ಲ. ವಿಷಯ ಸೂಕ್ಷ್ಮಾಣು ಜೀವಿಗಳು. ಕೊನೆಯ ವರ್ಷ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಂಶೋಧನೆಯ ಕೆಲಸ. ಎಷ್ಟು ಔಷಧ ಹಾಕಿದರೂ ಮಾಯದ ಗಾಯಗಳಲ್ಲಿ ಯಾವ ಕ್ರಿಮಿ ಕೂತಿದೆ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಹುಡುಕುವುದು. ಗಾಯವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ತಂದು ದುಂಡು ತಟ್ಟೆಯಲ್ಲಿ ಬಿತ್ತುತ್ತೇವೆ. ಕ್ರಿಮಿ ಬೆಳೆದ ಮೇಲೆ ಬೇರೆ ಬೇರೆ ಔಷಧದಲ್ಲಿ ತೋಯಿಸಿದ ಕಾಗದದ ಸಣ್ಣ ಬಿಲ್ಲೆಗಳನ್ನು ಅದರ ಮೇಲಿಡುತ್ತೇವೆ. ಯಾವ ಬಿಲ್ಲೆಯ ಸುತ್ತ ಖಾಲಿ ಬಳೆ ಬೀಳುತ್ತದೋ ಆ ಔಷಧ ಗೆದ್ದಿತು. ಬೇಸಿಗೆಯಲ್ಲಿ ತಿಕೋಟಾಕ್ಕೆ ಹೋದಾಗ, ಶೆಡ್ಡಿನಲ್ಲಿ ಕುಳಿತು ಮಾಮಾನಿಗೆ ಮೊಬೈಲಿನಲ್ಲಿ ತಟ್ಟೆಗಳ ಫೋಟೋ ತೋರಿಸಿದೆ.

"ಇದೇನ್ ಬೇ, ಬೆಳಿ?"

"ಹೂಂ ಮಾಮಾ. ಗಾಯದಾಗಿನ ಕ್ರಿಮಿ ಬೆಳಸ್ತೀವಿ."

"ನೀರಾವರೀನೋ, ಮಳಿ ಮ್ಯಾಲೋ?"

"ಮಾಮಾ!"

"ಆತ ಬಿಡು. ಬೆಳದ ಮ್ಯಾಲ ಏನ್ ಮಾಡ್ತೀರಿ?"

"ಔಷಧ ಹಾಕಿ ಕೊಲ್ತೀವಿ."

ಮಾಮಾ ಮೊಬೈಲನ್ನು ನನ್ನ ಕೈಗೆ ಮರಳಿಸಿದ. "ಬೆಳಸಿ ಕೊಲ್ಲಾಕ ಇಷ್ಟ ಸಾಲಿ ಕಲೀಬೇಕಾತೇನು? ನಾ ಏನೂ ಕಲೀಲಾರದ ಎರಡ ಸಲ ತ್ವಾಟ ಒಣಗಿಸೇನಲ್ಲ!"

ಆ ಬೇಸಿಗೆಯಲ್ಲೇ ಆದದ್ದು. ಬಳ್ಳಿ ಕಟ್ಟುವ ತಂತಿಯ ತುಂಡೊಂದು ಶೆಡ್ಡಿನಲ್ಲಿ ಬಿದ್ದಿತ್ತು. ಅದು ಅಂಗಾಲಿನೊಳಗೆ ಹೊಕ್ಕರೂ ಮಾಮಾನಿಗೆ ಗೊತ್ತಾಗಲಿಲ್ಲ. ನೆಲದ ಮೇಲೆ ಕೆಂಪು ಹೆಜ್ಜೆ ಕಂಡು ಅತ್ತೆಯೇ ಕೂಗಿಕೊಂಡಳು. ಮಾಮಾ ಶಾಂತವಾಗಿ ತಂತಿ ಕಿತ್ತ. ಆಮೇಲೆ ಏನು ಹಚ್ಚಿದ ಹೇಳಿ ನೋಡೋಣ? ಅರಿಷಿಣವೇ? ಅಲ್ಲ! ದ್ರಾಕ್ಷಿ ಬಳ್ಳಿಯನ್ನು ಕತ್ತರಿಸುವ ಚಾಟ್ನಿ ಮುಗಿದ ಮೇಲೆ, ಕೊಯ್ದ ಜಾಗ ಕೊಳೆಯದಿರಲೆಂದು ಒಂದು ನೀಲಿ ಲೇಪ ಬಳಿಯುತ್ತಾರಲ್ಲ, ಮೈಲುತುತ್ತ ಸುಣ್ಣ ಕಲಸಿದ್ದು, ಅದನ್ನು ಬ್ರಷ್ಷಿನಿಂದ ಕಾಲಿಗೆ ಬಳಿದುಕೊಂಡ!

"ಅಷ್ಟ ದೊಡ್ಡ ಬಳ್ಳಿಗಿ ಆಗೂದು ಇಷ್ಟ ಸಣ್ಣ ಕಾಲಿಗಿ ಆಗಂಗಿಲ್ಲೇನು?"

ನೀಲಿ ಕಾಲಿನ ಮಾಮಾ ಕೆಲವು ವಾರ ದೇವರ ಪಟದಿಂದ ಇಳಿದು ಬಂದವನಂತೆ ಓಡಾಡಿದ. ಕಾಲಿಗೆ ಬೇರು ಬಿಟ್ಟು, ಮೊಣಕಾಲಲ್ಲಿ ಎಲೆ ಒಡೆದು, ಸೊಂಟದ ಸುತ್ತ ಗೊಂಚಲು ತೂಗಿದವಂತೆ! ಇದು ಮಲಗಿದಾಗ. ಎಚ್ಚರವಿದ್ದಾಗ ಮತ್ತೊಂದು ಮಾತು ಹೇಳುತ್ತಿದ್ದ. "ನನ್ನ ಕಾಲು ದ್ರಾಕ್ಷಿ ವಾಸನಿ ಬರಾಕತ್ತೈತಿ. ಈ ವರ್ಷ ಮಾಲಿಗಿ ಚೊಲೊ ರೇಟ ಸಿಗತೈತಿ ನೋಡ್ರಿ!" ದ್ರಾಕ್ಷಿ ಶೆಡ್ಡಿನಲ್ಲಿ ಮಲಗುವವನ ಕಾಲು ಇನ್ಯಾವ ವಾಸನೆ ಬರಬೇಕು? ಎಲ್ಲರೂ ನಕ್ಕರು.

ಒಂದು ದಿನ ಅತ್ತೆಯನ್ನು ಕರೆದುಕೊಂಡು ಇಬ್ರಾಹಿಂಪುರದ ನನ್ನ ಖೋಲಿಗೆ ಬಂದ. ಬರಿಗೈ. ನನಗೆಂದು ತಂದ ಒಣದ್ರಾಕ್ಷಿಯ ಚೀಲವನ್ನು ಬಸ್ಸಿನಲ್ಲಿ ಕನಸು ಕಾಣುತ್ತ ಬಿಟ್ಟು ಇಳಿದಿದ್ದ. ಅತ್ತೆ ಅದಕ್ಕೆ ಬಯ್ಯುತ್ತಲೇ ಇದ್ದಳು. ನನಗೆ ಮಾತ್ರ ಖೋಲಿಯ ತುಂಬ ದ್ರಾಕ್ಷಿಯ ವಾಸನೆ! ಚೀಲವಿಲ್ಲ, ಹಣ್ಣಿಲ್ಲ. ಅಂಗಿ ಮೂಸಿದೆ, ಅಲ್ಲ. ರುಮಾಲು ಮೂಸಿದೆ, ಅಲ್ಲ. ಕಾಲಿಗೆ ಸುತ್ತಿದ ಬಟ್ಟೆಯ ಹತ್ತಿರ ಬಗ್ಗಿದೆ.

ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಒಂದು ಸಾಲು ತಣ್ಣಗೆ ಬೆನ್ನಿನ ಮೇಲೆ ಇಳಿಯಿತು. ಒಂದು ಕ್ರಿಮಿ ಇದೆ. ಗಾಯದಲ್ಲಿ ಕೂತು ಹಸಿರು ಬಣ್ಣ ಬಿಡುತ್ತದೆ, ಮಾಗಿದ ದ್ರಾಕ್ಷಿಯ ಹಾಗೆ ವಾಸನೆ ಬರುತ್ತದೆ, ಸಾಧಾರಣ ಔಷಧಕ್ಕೆ ಬಗ್ಗುವುದಿಲ್ಲ.

ನನಗೆ ಕಲಿಸುವವರೇ ಕಾಲು ನೋಡುತ್ತಾರೆಂದು ಹೇಳಿ, ಮರುದಿನ ಆಸ್ಪತ್ರೆಗೆ ಬರಹೇಳಿದೆ. ನನ್ನ ಸಂಶೋಧನೆಗೆ ದಾರಿ ತೋರಿಸುವ ಮೇಡಂ ತಾವೇ ಸ್ಟೂಲಿನ ಮೇಲೆ ಕುಳಿತು, ಮಾಮಾನ ಪಾದವನ್ನು ಕೈಯಲ್ಲಿ ಹಿಡಿದು, ಕಡ್ಡಿಯಿಂದ ಒರೆಸಿಕೊಂಡರು. ಸಂಶೋಧನೆಗೆ ಬಳಸಲು ಒಪ್ಪಿಗೆ ಕೇಳಿದರು. "ನಿಮ್ಮ ಹೆಸರು ಎಲ್ಲೂ ಬರೋದಿಲ್ಲರಿ, ಬರೇ ಒಂದು ನಂಬರ್" ಎಂದರು.

ಮಾಮಾನ ಮುಖ ಸಣ್ಣದಾಯಿತು. "ಕಾಲು ನಂದ, ಕ್ರಿಮಿ ನಂದ, ಹೆಸರ ಅಷ್ಟ ನಂದಲ್ಲೇನ್ರಿ?"

(ಅದಕ್ಕೇ ಇಲ್ಲಿಯೂ ನಾನು ಅವನ ಹೆಸರು ಬರೆದಿಲ್ಲ. ಮಾತೆಂದರೆ ಮಾತು!)

ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ. ಕನ್ನಡಿಯ ಹಾಗೆ ಸ್ವಚ್ಛ! ಇನ್ನೊಮ್ಮೆ ಕರೆಸಿ ಒರೆಸಿದರು. ಮತ್ತೆ ಸ್ವಚ್ಛ. ಗಾಯ ಮಾತ್ರ ದಿನದಿನಕ್ಕೆ ಆಳಕ್ಕಿಳಿಯುತ್ತಿತ್ತು. ಕೊಟ್ಟ ಔಷಧ ತಾಗುತ್ತಿರಲಿಲ್ಲ. ಯಾವುದು ತಾಗುತ್ತದೆಂದು ತಟ್ಟೆ ಹೇಳುತ್ತಿರಲಿಲ್ಲ. "ಸೋಂಕು ಹೀಗೇ ಏರ್ತಾ ಹೋದ್ರೆ ಕಾಲನ್ನ ಮೊಣಕಾಲ ಕೆಳಗೆ ತೆಗೀಬೇಕಾಗ್ತದೆ" ಎಂದು ಸರ್ಜನ್ ಹೇಳಿದರು. ನನ್ನ ಮೂಗು ಇದೆ ಎನ್ನುತ್ತದೆ, ನನ್ನ ವಿದ್ಯೆ ಇಲ್ಲ ಎನ್ನುತ್ತದೆ. ಯಾರನ್ನು ನಂಬಲಿ? ಇನ್‌ಕ್ಯುಬೇಟರಿನ ಬೆಚ್ಚನೆಯ ಬಾಗಿಲಿಗೆ ಹಣೆ ಹಚ್ಚಿ ನಿಂತಾಗ, ಬರಿಗಾಲಿನ ಮನುಷ್ಯನೊಬ್ಬ ಹಸಿರು ಕೆರೆಯ ತಳದಲ್ಲಿ ನಡೆಯುತ್ತ ದೂರವಾದಂತೆ, ಎಷ್ಟು ಕೂಗಿದರೂ ತಿರುಗಿ ನೋಡದಂತೆ ಅನ್ನಿಸುತ್ತಿತ್ತು. ಮಾಮಾನ ಚಟ ನನಗೂ ಅಂಟಿತ್ತು.

ಮೂರನೆಯ ಸಲ ಬಂದಾಗ ಮಾಮಾ ಹೊರಗಿನ ಬೆಂಚಿನ ಮೇಲೆ ಇರಲಿಲ್ಲ. ಅತ್ತೆಯನ್ನು ಕೇಳಿದೆ.

"ಮತ್ತೆಲ್ಲಿ ಹೋಗ್ಯಾನ? ನಳದ ಮುಂದ ಕುಂತಾನ. ಬರೂ ಮುಂದ ಪ್ರತಿ ಸಲ ಇದ ಕತಿ. ದವಾಖಾನಿ ವಾಸನಿದ ಔಷಧ ಬಾಟ್ಲಿ ತಂದು, ಗಾಯದಾಗ ಸುರುವಿಕೊಂಡು, ತಿಕ್ಕಿ ತಿಕ್ಕಿ ತೊಳದ ಮ್ಯಾಲನ ನಿಮ್ಮ ಡಾಕ್ಟರ್ ಮುಂದ ಕಾಲ ಇಡೂದು!"

ಓಡಿದೆ. ಮಾಮಾ ನಳದ ಕೆಳಗೆ ಕಾಲು ಚಾಚಿ, ದವಾಖಾನೆ ವಾಸನೆಯ ಆ ಕ್ರಿಮಿನಾಶಕದ ಬಾಟಲಿಯ ಕೊನೆಯ ಹನಿಯನ್ನೂ ಗಾಯಕ್ಕೆ ಬಗ್ಗಿಸುತ್ತಿದ್ದ. ಮೇಲಿನ ಕ್ರಿಮಿ ಸಾಯುತ್ತಿತ್ತು, ಒಳಗಿನದು ನಗುತ್ತಿತ್ತು. ನನ್ನ ತಟ್ಟೆ ಕನ್ನಡಿಯಾಗದೆ ಇನ್ನೇನಾದೀತು?

"ಮಾಮಾ! ಯಾರ ಹೇಳಿದ್ರು ನಿನಗ ತೊಳಕೊಂಡ ಬಾ ಅಂತ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವ್ರು ನಿನಗ ವಿದ್ಯಾ ಕಲಸೂ ಅಕ್ಕೋರು. ಕುಂತು ಕೈಲೆ ನನ್ನ ಕಾಲ ಹಿಡೀತಾರ. ಗುರುಗೋಳ ಕೈಯಾಗ ಹೊಲಸ ಕಾಲ ಕೊಡ್ಲೇನು? ನಿನ್ನ ಮರ್ಯಾದಿ ಏನಾದೀತು ಬೇ?"

ನಳ ನಿಲ್ಲಿಸಿ, ಬಾಟಲಿ ಕಿತ್ತುಕೊಂಡೆ.

ಮೇಡಂಗೆ ಹೇಳಿದೆ. ಅವರು ನಗಲಿಲ್ಲ. ಮಾಮಾನ ಎದುರು ಕುಳಿತು ಹೇಳಿದರು: "ಅಜ್ಜಾರ, ನೀವು ಹೊಲಸು ಕಾಲು ತಂದ್ರೇನೇ ನಮಗೆ ಮರ್ಯಾದೆರಿ. ಇನ್ನು ಕೆಲವು ದಿನ ಏನೂ ಹಚ್ಚಬ್ಯಾಡ್ರಿ. ಆಮೇಲೆ ಬರ್ರಿ, ತೊಳೆಯೋದು ನಮ್ಮ ಕೆಲಸ." ಮಾಮಾನಿಗೆ ಗಾಯಕ್ಕಿಂತ 'ಅಜ್ಜಾರ' ಎಂದದ್ದು ಹೆಚ್ಚು ನೋಯಿಸಿತು. ಆದರೂ ಒಪ್ಪಿದ. ಹೇಳಿದ ದಿನ, ತೊಳೆಯದ ಕಾಲನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು, ನಾಚಿ ನೀರಾಗಿ ಬಂದ. ಮೇಡಂ ಬರೀ ಉಪ್ಪುನೀರಿನಿಂದ ಗಾಯ ತೊಳೆದು, ಆಳದಿಂದ ತೆಗೆದುಕೊಂಡರು. ಅಷ್ಟು ಹೊತ್ತೂ ಮಾಮಾ ಕಣ್ಣು ಮುಚ್ಚಿಯೇ ಇದ್ದ.

ಮರುದಿನ ತಟ್ಟೆ ಹಸಿರಾಗಿತ್ತು! ಮೂಸಿ ನೋಡಬಾರದೆಂದು ನಮ್ಮಲ್ಲಿ ನಿಯಮವಿದೆ. ಆದರೆ ಮುಚ್ಚಳ ಎತ್ತಿದ ಕೂಡಲೇ ತಾನಾಗಿಯೇ ಮೂಗಿಗೆ ಬಂದರೆ ನಾನೇನು ಮಾಡಲಿ? ಆ ಬಿಳಿ ಗೋಡೆಗಳ ಕೋಣೆಯಲ್ಲಿ ತಿಕೋಟಾದ ಮಧ್ಯಾಹ್ನ ಒಮ್ಮೆ ಸುಳಿದು ಹೋಯಿತು. ಔಷಧದ ಬಿಲ್ಲೆಗಳನ್ನಿಟ್ಟು ಕಾದೆ. ಒಂದರ ಸುತ್ತ ಬಳೆಯಿಲ್ಲ. ಇನ್ನೊಂದರ ಸುತ್ತಲೂ ಇಲ್ಲ. ಅಂಚಿನಲ್ಲಿದ್ದ ಒಂದೇ ಒಂದು ಬಿಲ್ಲೆಯ ಸುತ್ತ, ಮೋಡದ ದಿನ ಚಂದ್ರನ ಸುತ್ತ ಕಟ್ಟುವ ಹಾಗೆ, ದುಂಡಗೆ, ತಿಳಿಯಾಗಿ, ಅಗಲವಾಗಿ ಒಂದು ಬಳೆ! ಅದನ್ನು ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ. "ಏನಮ್ಮಾ, ಕನಸೇ?" ಎಂದು ಮೇಡಂ ಹೆಗಲು ಮುಟ್ಟಿದರು.

ಆ ಔಷಧ ಕೊಟ್ಟರು. ಶುಗರ್ ಹತೋಟಿಗೆ ತಂದರು. ಕೊಳೆತದ್ದನ್ನು ಕೆರೆದು ತೆಗೆದರು. ಕಿರುಬೆರಳು ಹೋಯಿತು, ಕಾಲು ಉಳಿಯಿತು. ನಾವೆಲ್ಲ ಸಪ್ಪೆ ಮುಖ ಮಾಡಿ ಕೂತರೆ ಮಾಮಾ ನಮಗೇ ಸಮಾಧಾನ ಹೇಳಿದ.

"ಚಾಟ್ನಿ ಆತ ಅಂತ ತಿಳಕೋರಿ. ಇನ್ನ ಹೊಸಾದು ಚಿಗೀತೈತಿ!" ಎಷ್ಟೋ ದಿನ ಬೆಳಿಗ್ಗೆ ಎದ್ದು ಆ ಜಾಗವನ್ನು ನೋಡಿಕೊಳ್ಳುತ್ತಿದ್ದನಂತೆ. ಕನಸಿನಲ್ಲಿ ಮಾತ್ರ ಎರಡು ಸಲ ಚಿಗುರಿತ್ತಂತೆ.

ಘಟಿಕೋತ್ಸವದ ದಿನ ಬಂತು. ಕರಿ ಗೌನು, ಸ್ಟೇಜು, ಚಪ್ಪಾಳೆ, ಎಲ್ಲ ಅವನ ಷರತ್ತಿನಂತೆಯೇ. ಪ್ರಮಾಣಪತ್ರ ಹಿಡಿದು ಕೆಳಗಿಳಿದು ಹೊರಗೆ ಬಂದೆ. ಬೇವಿನ ಮರದ ನೆರಳಿನಲ್ಲಿ ಅವ್ವ, ಅಪ್ಪ, ಅತ್ತೆ. ಅವರ ಹಿಂದೆ ಮಾಮಾ. ಕಾಲಲ್ಲಿ ಚಪ್ಪಲಿ! ಡಾಕ್ಟರು ಬರೆದುಕೊಟ್ಟ, ಹತ್ತಿಯಷ್ಟು ಮೆತ್ತನೆಯ, ಎಮ್ಮೆಯ ಬಣ್ಣದ ದಪ್ಪ ಚಪ್ಪಲಿ. ವಿಜಯಪುರದ ಗಾಂಧಿ ಚೌಕದ ಗದ್ದಲದಲ್ಲಿ ಅವುಗಳನ್ನು ಕಂಕುಳಲ್ಲಿಟ್ಟುಕೊಂಡು ನಡೆದಾನು ಎಂದು ಅತ್ತೆ ಕಾವಲು ಕಾಯುತ್ತಲೇ ಕರೆತಂದಿದ್ದಳು.

"ಹಿಡಿ ಮಾಮಾ" ಎಂದು ಪ್ರಮಾಣಪತ್ರ ಚಾಚಿದೆ.

ಮಾಮಾ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ತಡಿ ಬೇ. ಇದಕ್ಕರ ತೊಳಕೊಂಡ ಬರಬೌದಲ್ಲ? ನಿಮ್ಮ ಅಕ್ಕೋರು ಬೈಯಂಗಿಲ್ಲಲ್ಲ?"

ತಲೆಯಾಡಿಸಿದೆ. ಅವನು ಚಪ್ಪಲಿಯ ಸಪ್ಪಳ ಮಾಡುತ್ತ, ಹೊಸದಾಗಿ ನಡೆಯಲು ಕಲಿತವನ ಹಾಗೆ ನಳದ ತನಕ ಹೋದ. ಮೊಣಕೈವರೆಗೂ ತೊಳೆದ. ಧೋತರದ ಚುಂಗಿಗೆ ಒರೆಸಿಕೊಂಡ, ಧೋತರಕ್ಕೂ ಧೂಳು ಹತ್ತಿದ್ದು ನೆನಪಾಗಿ ಮತ್ತೆ ತೊಳೆದು ಗಾಳಿಗೆ ಹಿಡಿದು ಆರಿಸಿದ. ಆಮೇಲೆ ಬಂದು, ಎರಡೂ ಕೈಯಿಂದ ಹಾಳೆಯನ್ನು ತೆಗೆದುಕೊಂಡ. ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನತನಕ ಸಾವಕಾಶ ನೋಡಿದ. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅಲ್ಲಿ ಬೆರಳಿಡದೆ, ಬೆರಳ ನೆರಳನ್ನಷ್ಟೇ ಇಟ್ಟ.

"ಆಗಂಗಿಲ್ಲ ಅಂತ ಅಂದಿದ್ನಲ್ಲ ಬೇ, ಅವತ್ತು..." ಎಂದ. ಹಾಳೆಯನ್ನು ಜೋಪಾನವಾಗಿ ನನಗೆ ಮರಳಿಸಿದ. "ಅದು ನಾ ಮಕ್ಕೊಂಡಾಗ ಇರಬೇಕ ನೋಡು."