ಡನ್ ಲಿಯರಿಯಲ್ಲಿ ಕಾಗೆ ಮುಟ್ಟಲಿಲ್ಲ

ಎಲ್ಲ ಅನಾಹುತಕ್ಕೂ ಕಾರಣ ಫೋನಿನಲ್ಲಿ ಕಂಡ ಒಂದು ಪುಟ್ಟ ಸೂರ್ಯ. ಜನವರಿ ತಿಂಗಳ ಐರ್ಲೆಂಡಿನಲ್ಲಿ ಬಿಸಿಲು ಅಂತ ಅದು ಹೇಳಿತು, ಶ್ರೀಕಂಠ ನಂಬಿಬಿಟ್ಟ. ಸಾಫ್ಟ್‌ವೇರಿನವರಿಗೆ ದೇವರ ಮೇಲಿಲ್ಲದ ನಂಬಿಕೆ ಫೋನಿನ ಮೇಲಿರುತ್ತದೆ.

ಅಂದು ಅವನ ಅಪ್ಪ ಗೋಪಾಲಕೃಷ್ಣರ ವರ್ಷದ ತಿಥಿ. ಬ್ಲಾಂಚರ್ಡ್ಸ್‌ಟೌನಿನ ಬಾಡಿಗೆ ಮನೆಯ ಹಿತ್ತಲಲ್ಲೇ ಕಾಗೆಗೆ ಎಡೆ ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಪಕ್ಕದ ಮನೆಯ ವಿಶ್ವೇಶ್ವರ ಬಿಡಬೇಕಲ್ಲ!

"ಹಿತ್ತಲಲ್ಲಿಟ್ರೆ ಬೆಕ್ಕು ತಿನ್ನುತ್ತೆ ಕಣಯ್ಯ. ಸಮುದ್ರದ ದಡಕ್ಕಿಂತ ಪುಣ್ಯದ ಜಾಗ ಉಂಟಾ? ಡನ್ ಲಿಯರಿಗೆ ಹೋಗೋಣ, ಮಂತ್ರ ನಾನು ಹೇಳ್ತೀನಿ" ಎಂದು ಎಲ್ಲರಿಗಿಂತ ಮೊದಲು ಕಾರಿನ ಮುಂದಿನ ಸೀಟಿನಲ್ಲಿ ಹತ್ತಿ ಕೂತ.

ಹಿಂದೆ ಶ್ರೀಕಂಠನ ಹೆಂಡತಿ ಜಯಶೀಲಾ, ಜೊತೆಗೆ ಮೈಸೂರಿನಿಂದ ಬಂದಿದ್ದ ಅಮ್ಮ ಲೀಲಾವತಿ. ಅಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಗಿನಿಂದ ಒಂದು ಗುಟುಕು ಕಾಫಿಯನ್ನೂ ಕುಡಿದಿರಲಿಲ್ಲ. "ಕಾಗೆ ಮುಟ್ಟಲಿ, ಆಮೇಲೆ ತಿಂತೀನಿ" ಎಂದು ಪಟ್ಟು ಹಿಡಿದಿದ್ದಳು. ಶ್ರೀಕಂಠನಿಗೆ ಅದೇ ದಿಗಿಲು. ಅಪ್ಪ ಹೋದಾಗ ಇಲ್ಲಿ ನೆಲೆಸುವ ಪರ್ಮಿಟ್ ಕೈಗೆ ಬಂದಿರಲಿಲ್ಲ, ದೇಶ ಬಿಡುವಂತಿರಲಿಲ್ಲ, ಕೊನೆಯ ಸಲ ಮುಖ ನೋಡಲೂ ಆಗಿರಲಿಲ್ಲ. ಅಮ್ಮನಾದರೂ ಕಣ್ಣೆದುರಿಗಿರಲಿ ಎಂದು ಅವಳ ವಾಪಸ್ ಟಿಕೆಟ್ಟನ್ನು ಏನಾದರೊಂದು ನೆಪ ಹೇಳಿ ಮುಂದೂಡುತ್ತಲೇ ಇದ್ದ.

ದಡದಲ್ಲಿ ಬಿಸಿಲೇನೋ ಇತ್ತು. ಕಾರಿನ ಬಾಗಿಲು ತೆರೆದದ್ದೇ ತಡ, ಗಾಳಿ ಅವನ ಟೋಪಿಯನ್ನು ಕಿತ್ತು ರಸ್ತೆಯಾಚೆಗೆಸೆಯಿತು.

"ಅಮ್ಮಾ, ನೀನು ಈ ಗೋಡೆ ಮರೆಯಲ್ಲಿ ಕೂತ್ಕೊ, ಗಾಳಿ ತಗಲಲ್ಲ" ಎಂದು ಅವಳನ್ನು ಕೆಳಗಿನ ಬೆಂಚಿನ ಮೇಲೆ ಶಾಲು ಹೊದಿಸಿ ಕೂರಿಸಿದ. ತಾನು ಉಳಿದಿಬ್ಬರೊಡನೆ ಮೆಟ್ಟಿಲು ಹತ್ತಿ ಗೋಡೆಯ ಆಚೆ, ಸಮುದ್ರದ ಕಡೆಗೆ ಎಲೆ ಹಾಸಿ ಮೂಲೆಗಳಿಗೆ ಕಲ್ಲು ಹೇರಿದ. ಅನ್ನ, ಪಾಯಸ, ಅಪ್ಪನಿಗೆ ಪ್ರಾಣವಾಗಿದ್ದ ಉದ್ದಿನ ವಡೆ. ಮೂವರೂ ಗಂಟಲು ಹರಿಯುವಂತೆ "ಕಾ ಕಾ" ಎಂದು ಕೂಗಿದರು. ಒಂದು ಕಾಗೆಯ ಸುಳಿವೂ ಇಲ್ಲ.

"ಮುಟ್ಟಿತೇನೋ?" ಗೋಡೆಯಾಚೆಯಿಂದ ಅಮ್ಮ.

"ಇನ್ನೂ ಇಲ್ಲಮ್ಮ!"

ಗಾಳಿ ನಿಂತ ಹಾಗೆ ಮಾಡಿ ಮತ್ತೆ ದಬಾರನೆ ಬಡಿಯಿತು. ಪಾಯಸವೆಲ್ಲ ವಿಶ್ವೇಶ್ವರನ ಪ್ಯಾಂಟಿನ ಮೇಲೆ. ಪುಣ್ಯಾತ್ಮನ ಬಾಯಿ ಮಾತ್ರ ನಿಲ್ಲಲಿಲ್ಲ.

"ಉತ್ತರದಿಂದ ಕೊರೆಯೋ ಗಾಳಿ ಬರ್ತಿದೆ, ಸಮುದ್ರ ಅದಕ್ಕಿಂತ ಬೆಚ್ಚಗಿದೆ. ಒಲೆ ಮೇಲಿನ ಸಾರಿನ ಹಾಗೆ, ಕೆಳಗಿನ ಗಾಳಿ ಕಾದು ಮೇಲೇಳುತ್ತೆ, ಮೇಲೆ ಜೋರಾಗಿ ಓಡ್ತಿರೋ ಗಾಳಿ ಕೆಳಗೆ ಬಂದು ಬೀಳುತ್ತೆ. ಅದಕ್ಕೇ ಹೀಗೆ ಬಿಟ್ಟು ಬಿಟ್ಟು ಗುದ್ದೋದು. ಬಿಸಿಲು ನೋಡಿ ಮೋಸ ಹೋಗಬಾರದು."

"ಮನೇಲೇ ಹೇಳಬಾರದಿತ್ತಾ?" ಎಂದ ಶ್ರೀಕಂಠ.

"ನೀನು ಕೇಳ್ಲಿಲ್ವಲ್ಲ."

ಜಯಶೀಲಾ ಗಂಭೀರವಾಗಿ ಹೇಳಿದಳು, "ಗಾಳಿ ಅಲ್ಲ ರೀ, ಮಾವಂಗೆ ಏನೋ ಆಸೆ ಉಳಿದಿದೆ. ನಡೆಸಿಕೊಡ್ತೀನಿ ಅಂತ ಬಾಯಿಬಿಟ್ಟು ಹೇಳಿ, ಕಾಗೆ ಬರುತ್ತೆ. ಮಗ ದಿನಾ ಪಾತ್ರೆ ತೊಳೀಲಿ ಅಂತಿತ್ತೇನೋ."

ಅಪ್ಪ ಜೀವಮಾನದಲ್ಲಿ ಒಂದು ಲೋಟ ತೊಳೆದವರಲ್ಲ. ಆದರೂ ಶ್ರೀಕಂಠ ಕೈಮುಗಿದ. "ತೊಳೀತೀನಪ್ಪಾ." ಕಾಗೆ ಬರಲಿಲ್ಲ.

ವಿಶ್ವೇಶ್ವರ ಕೆಮ್ಮಿದ. "ನಮ್ಮ ಕನ್ನಡ ಸಂಘಕ್ಕೆ ಕಾರ್ಯದರ್ಶಿ ಇಲ್ಲ. ನಿಮ್ಮಪ್ಪ ಕನ್ನಡ ಮೇಷ್ಟ್ರಾಗಿದ್ದೋರು..."

"ಆಗ್ತೀನಪ್ಪಾ!"

ಒಂದು ವಡೆ ಗಾಳಿಗೆ ಉರುಳಿಕೊಂಡು ಹೊರಟಿತು. ನಾಯಿ ಹಿಡಿದು ನಡೆಯುತ್ತಿದ್ದ ಐರಿಷ್ ಅಜ್ಜ ಅದನ್ನು ಹೆಕ್ಕಿಕೊಟ್ಟು, ಟೋಪಿ ಒತ್ತಿಹಿಡಿದುಕೊಂಡೇ "ಗ್ರ್ಯಾಂಡ್ ಡೇ!" ಎಂದ.

"ಮುಟ್ಟಿತೇನೋ?" ಅಮ್ಮನ ದನಿ ಸಣ್ಣಗಾಗಿತ್ತು.

ಶ್ರೀಕಂಠ ಗೋಡೆಗೆ ಆತು ನಿಂತು ಕೇಳಿದ, "ಇಲ್ಲಮ್ಮ! ಅಪ್ಪಂಗೆ ಏನು ಆಸೆ ಉಳಿದಿತ್ತು, ನಿಂಗಾದ್ರೂ ಗೊತ್ತಾ?"

ಗೋಡೆಯಾಚೆಯಿಂದ ಅಮ್ಮ ಅಂದಳು, "ಲೀಲಾ ತನ್ನ ಮನೇಲಿ, ತನ್ನ ಗೆಳತೀರ ಜೊತೆ ಇರಲಿ ಅಂತಿತ್ತು ಕಣೋ. ನೀನು ಮಾರಬೇಕು ಅಂತಿರೋ ಅವರ ಸ್ಕೂಟರ್ ನಾನು ಕಲೀಲಿ ಅಂತ್ಲೂ ಇತ್ತು."

ಅಮ್ಮ ಹೊರಟರೆ ಮನೆ ಬಣಗುಟ್ಟುತ್ತದೆ. ಅವಳು ಹಸಿದುಕೊಂಡು ಕೂತಿರುವುದನ್ನೂ ನೋಡಲಾಗುವುದಿಲ್ಲ. ಶ್ರೀಕಂಠ ಕಡಲಿನ ಕಡೆ ತಿರುಗಿ, ಕಣ್ಣೀರು ಸುರಿಸುತ್ತಲೇ ಕೂಗಿದ.

"ಆಯ್ತಪ್ಪಾ! ಅಮ್ಮನ್ನ ಈ ವಾರವೇ ಕಳಿಸ್ತೀನಿ. ಸ್ಕೂಟರ್ ಮಾರಲ್ಲ. ಬಂದು ಊಟ ಮಾಡಪ್ಪಾ!"

"ಸರಿ, ಎಲೆ ಇಲ್ಲಿಗೆ ತಗೊಂಡು ಬಾ" ಎಂದಳು ಅಮ್ಮ.

ಎಲೆ ಹಿಡಿದು ಮೆಟ್ಟಿಲಿಳಿದು ನೋಡುತ್ತಾನೆ, ಊರ ಕಾಗೆಗಳೆಲ್ಲ ಅಲ್ಲಿವೆ! ಗಾಳಿಗೆ ಹೆದರಿ ರೆಕ್ಕೆ ಮುದುರಿಕೊಂಡು, ಅಮ್ಮನ ಬೆಂಚಿನ ಸುತ್ತ ಎರಡನೇ ಪಂಕ್ತಿಗೆ ಕಾದ ನೆಂಟರ ಹಾಗೆ ಕೂತಿವೆ. ಎಲೆ ನೆಲಕ್ಕಿಡುವಷ್ಟರಲ್ಲಿ ವಡೆ ಮಾಯ.

"ಅಮ್ಮಾ! ನೀನು ಮೊದಲೇ ನೋಡಿದ್ಯಾ?"

"ನೀನು ಕೂರಿಸಿದಾಗಿಂದ. ಈ ಗಾಳೀಲಿ ಕಾಗೆ ಹಾರುತ್ತೇನೋ ದಡ್ಡಾ?" ಅಮ್ಮ ತನ್ನ ಊಟದ ಡಬ್ಬಿ ತೆಗೆದು ನೆಮ್ಮದಿಯಾಗಿ ತಿನ್ನತೊಡಗಿದಳು.

"ಅಂದ್ರೆ ಅಪ್ಪನ ಆಸೆ ಅಂದಿದ್ದು ಸುಳ್ಳು. ನಾನು ಕೊಟ್ಟ ಮಾತೂ ವಾಪಸ್ಸು!"

"ನಿಮ್ಮಪ್ಪನ ಹೆಸರು ಹೇಳಿ ಕೊಟ್ಟ ಮಾತು ಕಣೋ, ಹೇಗೆ ವಾಪಸ್ ತಗೋತೀಯ?" ಅಮ್ಮ ಅವನ ಕೆನ್ನೆ ಒರೆಸಿದಳು. "ಅವರಿಗೆ ಯಾವ ಆಸೇನೂ ಉಳಿದಿರ್ಲಿಲ್ಲ. ಉಳಿದಿರೋದು ನಂದು. ಬಂದಾಗಿಂದ ಊರಿಗೆ ಕಳಿಸು ಅಂತ ಕೇಳ್ತಾನೇ ಇದ್ದೀನಿ. ಸತ್ತೋರು ಕೇಳಿದ್ರೆ ತಕ್ಷಣ ಕೊಡ್ತೀಯ, ಬದುಕಿರೋಳಿಗೆ ನೆಪ ಹೇಳ್ತೀಯ."

ಶ್ರೀಕಂಠ ಆ ಸೂರ್ಯನಿದ್ದ ಫೋನನ್ನೇ ತೆಗೆದು ಟಿಕೆಟ್ ಹುಡುಕತೊಡಗಿದ.

"ಬೇಗ ನೋಡಿ ರೀ," ಎಂದಳು ಜಯಶೀಲಾ, "ಮನೇಲಿ ತಿಥಿ ಅಡುಗೆ ಪಾತ್ರೆಗಳೆಲ್ಲ ಹಾಗೇ ಬಿದ್ದಿವೆ."