ನೀರುನಾಯಿಗೆ ಈಜು ಕಲಿಸಿದ ಕಥೆ

ಪುನರ್ವಸತಿ ಎಂಬ ಶಬ್ದವನ್ನು ನನ್ನಷ್ಟು ಸಲ ಬರೆದವರು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ಹದಿನಾಲ್ಕು ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ. ನೌಕಾನೆಲೆಗಾಗಿ ಊರು ಬಿಟ್ಟವರಿಗೆ ಹೊಸ ಊರಿನಲ್ಲಿ ಜಾಗ ಗುರುತಿಸುವ ಕಡತಗಳೆಲ್ಲ ನನ್ನ ಮೇಜಿನ ಮೇಲಿಂದಲೇ ಹಾದು ಹೋಗಬೇಕು. ಸಾವಿರಾರು ಮನುಷ್ಯರ ಪುನರ್ವಸತಿ ಬರೆದವನಿಗೆ ಒಂದು ಪ್ರಾಣಿಯ ಪುನರ್ವಸತಿ ಯಾವ ಲೆಕ್ಕ? ನೀರು ಕುಡಿದಷ್ಟು ಸುಲಭ ಎಂದುಕೊಂಡೆ. ನೀರನ್ನೂ ಕುಡಿದೆ. ಆದರೆ ಅದು ಆಮೇಲಿನ ಮಾತು.

ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ. ದೀಪಾವಳಿ ಕಳೆದ ವಾರ ಜಾಗದ ಅಳತೆಗೆಂದು ತೋಡೂರಿಗೆ ಹೋಗಿದ್ದೆವು. ಹಳ್ಳದ ಬದಿಯ ಪೊದೆಯಿಂದ ಕುಂಯ್ ಕುಂಯ್ ಎಂಬ ಸದ್ದು ಬಂತು. ಬಗ್ಗಿ ನೋಡಿದರೆ ಅಂಗೈಗಿಂತ ತುಸು ದೊಡ್ಡದಾದ ಒಂದು ನೀರುನಾಯಿ ಮರಿ! ತಾಯಿ ಹಿಂದಿನ ದಿನ ಹೆದ್ದಾರಿ ದಾಟುವಾಗ ಲಾರಿಗೆ ಸಿಕ್ಕಿತಂತೆ. ಸುದ್ದಿ ಹೋಗಿ ಅರಣ್ಯ ಇಲಾಖೆಯ ರೇಂಜರ್ ಸಾಹೇಬರು ಬಂದರು. ಮರಿಯನ್ನು ನೋಡಿ ತಲೆ ಕೆರೆದುಕೊಂಡರು.

“ಇದನ್ನು ಸಾಕುವ ವ್ಯವಸ್ಥೆ ನಮ್ಮಲ್ಲಿಲ್ಲ. ಮೃಗಾಲಯಕ್ಕೆ ಕಳಿಸಿದರೆ ಬದುಕೀತು, ಆದರೆ ಜೀವನಪೂರ್ತಿ ಪಂಜರ.”

“ಛೆ ಛೆ, ಪಂಜರ ಯಾಕೆ ಸಾರ್? ನಾನಿಲ್ಲವೇ? ಪುನರ್ವಸತಿ ನನ್ನ ವಿಷಯ!” ಎಂದೆ.

ಈ ವಾಕ್ಯವನ್ನು ಹೇಳುವ ಮೊದಲು ನನ್ನ ನಾಲಿಗೆ ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ರೇಂಜರ್ ಸಾಹೇಬರು ಲಿಖಿತ ಅನುಮತಿ ಕೊಟ್ಟರು, ಜೊತೆಗೆ ಷರತ್ತು. ಮಳೆಗಾಲ ಹಿಡಿಯುವುದರೊಳಗೆ ಮರಿ ತಾನೇ ಈಜಬೇಕು, ತಾನೇ ಮೀನು ಹಿಡಿಯಬೇಕು. ಹಾಗಾದರೆ ಹೊಳೆಗೆ ಬಿಡುವುದು, ಇಲ್ಲವಾದರೆ ಮೃಗಾಲಯದ ಪಂಜರ.

“ಈಜು ಕಲಿಸುವುದು ನಿಮ್ಮ ಜವಾಬ್ದಾರಿ. ನಿಮಗೆ ಬರುತ್ತದಲ್ಲ?” ಎಂದು ಕೇಳಿದರು.

ನಾನು ಘಟ್ಟದ ಮೇಲಿನವನು. ಸಮುದ್ರದ ಪಕ್ಕದಲ್ಲಿ ಹದಿನಾಲ್ಕು ವರ್ಷ ಕಳೆದರೂ ಹಿಮ್ಮಡಿಗಿಂತ ಮೇಲೆ ನೀರು ಬರಲು ಬಿಟ್ಟವನಲ್ಲ. ಆದರೆ ಸುತ್ತ ಅಷ್ಟು ಜನ ನಿಂತಿದ್ದರು.

“ಓಹೋ, ಧಾರಾಳವಾಗಿ!” ಎಂದೆ.

ಹಬ್ಬುವಾಡದ ನಮ್ಮ ಬಾಡಿಗೆ ಮನೆಗೆ ಮರಿ ಬಂದದ್ದು ಕಡತ ಇಡುವ ರಟ್ಟಿನ ಪೆಟ್ಟಿಗೆಯಲ್ಲಿ. ಹೆಂಡತಿ ಮಂಗಲಾ ಮುಚ್ಚಳ ತೆಗೆದು ನೋಡಿದಳು.

“ಎಂತದು ಇದು, ಹೆಗ್ಗಣನಾ?”

“ಫಲಾನುಭವಿ” ಎಂದೆ ಗಂಭೀರವಾಗಿ. ನಮ್ಮ ಕಚೇರಿಯಲ್ಲಿ ಪುನರ್ವಸತಿ ಪಡೆಯುವವರಿಗೆಲ್ಲ ಅದೇ ಹೆಸರು. ಆ ಹೆಸರೇ ನಿಂತಿತು.

“ಇದು ಎಂತ ತಿಂತು?”

“ಮೀನು.”

ಮಂಗಲಾ ಮುಚ್ಚಳ ಮುಚ್ಚಿದಳು. ನಮ್ಮ ಮನೆಯಲ್ಲಿ ಈರುಳ್ಳಿಯೇ ಏಕಾದಶಿಯಂದು ತಲೆ ತಗ್ಗಿಸಿ ಕೂರುತ್ತದೆ. ಹಾಲು ಕುಡಿಯುವಷ್ಟು ದಿನ ತೊಂದರೆಯಾಗಲಿಲ್ಲ. ಹಲ್ಲು ಬಂದ ಮೇಲೆ ನಾನು ಒಂದು ಉಪಾಯ ಮಾಡಿದೆ. ಸಂಸ್ಕಾರ ಕೊಟ್ಟರೆ ಯಾವ ಪ್ರಾಣಿಯೂ ತಿದ್ದಿಕೊಳ್ಳುತ್ತದೆ ಎಂದು ಮೊಸರನ್ನ ಕಲಸಿ ಮುಂದಿಟ್ಟೆ. ಫಲಾನುಭವಿ ಮೊಸರನ್ನವನ್ನು ಮೂಸಿತು. ನನ್ನ ಮುಖ ನೋಡಿತು. ಆಮೇಲೆ ನನ್ನ ಕಾಲಿನ ಹೆಬ್ಬೆರಳನ್ನು ಕಚ್ಚಿತು!

ನನ್ನ ಕೂಗಿಗೆ ಓಡಿ ಬಂದವಳು ತುಳಸಕ್ಕ. ಬೈತಖೋಲದಿಂದ ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ನಮ್ಮ ಕೇರಿಗೆ ಮೀನು ಮಾರಲು ಬರುವವಳು. ತವರು ಅಂಕೋಲೆಯ ಕೇಣಿ. ಹದಿನಾಲ್ಕು ವರ್ಷದಲ್ಲಿ ಅವಳು ನಮ್ಮ ಗೇಟಿನ ಮುಂದೆ ನಿಂತದ್ದು ಅದೇ ಮೊದಲು.

“ಅಯ್ಯೋ ಹೆಗಡೇರೆ! ನೀರ್‌ನಾಯಿಗೆ ಮೊಸ್ರನ್ನ ಹಾಕ್ತ್ರಿ? ಅದ್ಕೆಂತ ಮುಂಜಿ ಆಗೀದ್ಯಾ?” ಎಂದು ಬುಟ್ಟಿ ಇಳಿಸಿ ನಕ್ಕಳು. ಎರಡು ತಾರ್ಲೆ ಮೀನು ಎಸೆದಳು. ಫಲಾನುಭವಿ ಕಣ್ಣು ಮುಚ್ಚಿ, ಮುಂಗಾಲಲ್ಲಿ ಮೀನನ್ನು ಹಿಡಿದು, ದೇವರ ಪ್ರಸಾದದಂತೆ ತಿಂದಿತು. ಅದನ್ನು ನೋಡಿ ಮಂಗಲಾಳೇ ಕರಗಿದಳು. ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇಡುವುದು, ತುಳಸಕ್ಕ ಅದರಲ್ಲಿ ಮೀನು ಹಾಕಿ ಹೋಗುವುದು, ಡಬ್ಬಿ ಹೊಸಿಲು ದಾಟಬಾರದು ಎಂದು ತೀರ್ಮಾನವಾಯಿತು.

ಡಬ್ಬಿ ಹೊಸಿಲು ದಾಟಲಿಲ್ಲ. ಹಿತ್ತಲಿನಿಂದ ನೇರವಾಗಿ ನನ್ನ ಕಚೇರಿಗೆ ಬಂತು! ಒಂದು ದಿನ ಅಂಥದೇ ನನ್ನ ಊಟದ ಡಬ್ಬಿಯನ್ನು ಅದೇ ಕಲ್ಲಿನ ಮೇಲಿಟ್ಟು ಸೈಕಲ್ ಒರೆಸಿದ್ದೇ ತಪ್ಪಾಯಿತು. ಮಧ್ಯಾಹ್ನ ನಾಲ್ವರು ಸಹೋದ್ಯೋಗಿಗಳ ನಡುವೆ ಕೂತು ಮುಚ್ಚಳ ತೆಗೆದೆ. ಹನ್ನೆರಡು ಹಸಿ ತಾರ್ಲೆಗಳು ಸಾಲಾಗಿ ಮಲಗಿ ನನ್ನನ್ನೇ ನೋಡುತ್ತಿದ್ದವು.

ನಮ್ಮ ಮೇಲಧಿಕಾರಿಗಳು ನಿಧಾನವಾಗಿ ತಮ್ಮ ತುತ್ತು ನುಂಗಿದರು. “ಹೆಗಡೇರೆ, ನಾವೂ ಮೀನು ತಿನ್ನೋರೇ. ಆದ್ರೆ ನಾವು ಬೇಯಿಸಿ ತಿಂತೇವೆ” ಎಂದರು.

ಮನೆಯಲ್ಲಿ ಫಲಾನುಭವಿ ನನ್ನ ಬದನೆಕಾಯಿ ಪಲ್ಯವನ್ನು ನಾಲ್ಕೂ ಗೋಡೆಗಳಿಗೆ ಸಮಾನವಾಗಿ ಹಂಚಿತ್ತು.

ಇಷ್ಟೆಲ್ಲ ಆಗುವಷ್ಟರಲ್ಲಿ ಸಂಕ್ರಾಂತಿ ಬಂತು. ಫಲಾನುಭವಿ ಮೊಳದುದ್ದ ಬೆಳೆದು ನಾನು ಹೋದಲ್ಲೆಲ್ಲ ಬೆನ್ನ ಹಿಂದೆ ಬರುತ್ತಿತ್ತು. ಈಜಿನ ಪಾಠ ಶುರುವಾಗಬೇಕಿತ್ತು. ಟಬ್ಬಿನಲ್ಲಿ ನೀರು ತುಂಬಿಸಿ, ಅದನ್ನು ಎತ್ತಿ ಬಿಟ್ಟೆ. ಬಿಟ್ಟೆ ಎಂದುಕೊಂಡೆ. ಮರುಕ್ಷಣ ಅದು ನನ್ನ ತೋಳು ಹತ್ತಿ, ಹೆಗಲು ಹತ್ತಿ, ತಲೆಯ ಮೇಲೆ ಕೂತು, ಎರಡೂ ಕೈಯಲ್ಲಿ ನನ್ನ ಕಿವಿ ಹಿಡಿದು ಕಿರುಚುತ್ತಿತ್ತು. ನೀರುನಾಯಿಗೆ ನೀರೆಂದರೆ ಹೆದರಿಕೆ! ನನಗೋ ಮೊದಲಿನಿಂದಲೂ ಹೆದರಿಕೆ. ಒಟ್ಟಿನಲ್ಲಿ ಗುರುಶಿಷ್ಯರ ಹೊಂದಾಣಿಕೆ ಚೆನ್ನಾಗಿತ್ತು.

ತುಳಸಕ್ಕ ಗುಟ್ಟು ಬಿಡಿಸಿದಳು. “ಇದರ ಮರಿಗೆ ಹುಟ್ತಾ ಈಜು ಬತ್ತದೆ ಅಂದ್ಕಂಡ್ರ್ಯಾ? ತಾಯಿ ಮುಂದೆ ಇಳೀಬೇಕು, ಮರಿ ಹಿಂದೆ ಬತ್ತದೆ. ಇದ್ಕೆ ಈಗ ತಾಯಿ ಯಾರು? ನೀವೇಯಾ. ನೀವ್ ಇಳೀರಿ!”

“ನಾನಾ?”

“ಮತ್ತೆಂತ ನಾನಾ? ಮಳೆ ಬರೂಕೆ ಐದ್ ತಿಂಗ್ಳೂ ಇಲ್ಲ.”

ನನ್ನ ಒಂದು ಸುಳ್ಳಿಗೆ ಈ ಜೀವ ಪಂಜರ ಸೇರಬೇಕೇ? ಮರಿ ನನ್ನ ಪಾದದ ಮೇಲೆ ಗಲ್ಲವಿಟ್ಟು ಮಲಗಿತ್ತು. ಕಲಿಯುತ್ತೇನೆ ಎಂದು ನಿರ್ಧರಿಸಿದೆ.

ಶಾಸ್ತ್ರೋಕ್ತವಾಗಿ ಆರಂಭಿಸಿದೆ. ಹಜಾರದ ಸ್ಟೂಲಿನ ಮೇಲೆ ಬೋರಲಾಗಿ ಮಲಗಿ ಕೈಕಾಲು ಬಡಿಯುವುದು. ಫಲಾನುಭವಿ ಎದುರು ಕೂತು ತಲೆ ಓರೆ ಮಾಡಿ ಗಮನಿಸುವುದು. ಮೂರನೆಯ ದಿನ ಪಕ್ಕದ ಮನೆಯ ನಿವೃತ್ತ ನಾಯಕ ಮಾಸ್ತರರು ಕಿಟಕಿಯಲ್ಲಿ ಇಣುಕಿದರು.

“ಯಾವ ಆಸನ ಇದು ಹೆಗಡೇರೆ?”

“ಮತ್ಸ್ಯಾಸನ!”

“ಅದನ್ನ ಅಂಗಾತ ಮಲಗಿ ಮಾಡೂದಲ್ವಾ?”

“ಇದು... ಮೇಲಿನ ತರಗತಿಯದು” ಎಂದೆ. ಅಷ್ಟರಲ್ಲಿ ಸ್ಟೂಲು ಮಗುಚಿತು.

ಒಂದು ಭಾನುವಾರ ಬೆಳಿಗ್ಗೆ ತುಳಸಕ್ಕನ ಮುಂದಾಳತ್ವದಲ್ಲಿ ನಮ್ಮ ದಂಡು ಕೇಣಿಗೆ ಹೊರಟಿತು. ಅವಳ ತವರಿನ ಹಿಂದೆಯೇ ಹಳ್ಳ. ಉಬ್ಬರ ಬಂದಾಗ ಸಮುದ್ರದ ನೀರು ಒಳಗೆ ಬರುತ್ತದೆ. ಆಚೆ ದಡದ ಪೊದೆಗಳಲ್ಲಿ ನೀರುನಾಯಿಗಳ ಒಂದು ಸಂಸಾರವೂ ಇದೆಯಂತೆ. ಈಜು ಕಲಿಯುವವರಿಗೆ ಕರಾವಳಿಯಲ್ಲಿ ಒಂದು ಪದ್ಧತಿಯಿದೆ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಹಗ್ಗದಲ್ಲಿ ಜೋಡಿಸಿ ಎದೆಯ ಕೆಳಗೆ ಕೊಟ್ಟುಕೊಂಡರೆ ಮನುಷ್ಯ ತೇಲುತ್ತಾನೆ. ತುಳಸಕ್ಕನ ಅಣ್ಣ ಅಂಥ ಜೋಡಿಯೊಂದನ್ನು ನನ್ನ ಕೈಗಿತ್ತು, “ಸಮಾ ಕಟ್ಕಳ್ರಿ” ಎಂದು ದೋಣಿಯತ್ತ ಹೋದ.

ನಾನು ಸಮಾ ಕಟ್ಟಿಕೊಂಡೆ. ಸೊಂಟಕ್ಕೆ! ಕಾಯಿ ಕಟ್ಟಿದ ಹಾಗೂ ಆಯಿತು, ಪಂಚೆ ಜಾರದ ಹಾಗೂ ಆಯಿತು ಎಂದು ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಫಲಾನುಭವಿಯನ್ನು ದಡದಲ್ಲಿ ಬಿಟ್ಟು, “ಬಾ ಮಗಾ, ನೋಡಿ ಕಲಿ” ಎಂದು ಹೇಳಿ, ಗಂಭೀರವಾಗಿ ನಾಲ್ಕು ಹೆಜ್ಜೆ ಇಳಿದು, ದೇವರನ್ನು ನೆನೆದು, ಮುಂದಕ್ಕೆ ಬಿದ್ದೆ.

ತೆಂಗಿನಕಾಯಿಗಳು ತಮ್ಮ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿದವು. ಅವು ಮೇಲೆ ಬಂದವು. ಅವುಗಳ ಜೊತೆ ನನ್ನ ಸೊಂಟ ಮೇಲೆ ಬಂತು. ತಲೆ ಕೆಳಗೆ ಹೋಯಿತು! ಎತ್ತಲು ನೋಡಿದಷ್ಟೂ ಇನ್ನೂ ಕೆಳಗೆ. ಮೂಗಿನಲ್ಲಿ ಉಪ್ಪುನೀರು, ಬಾಯಲ್ಲಿ ಕೆಸರು. ಇಷ್ಟು ವರ್ಷ ಬರೆದ ಕಡತಗಳೆಲ್ಲ ಕಣ್ಣ ಮುಂದೆ ಬಂದವು. ಎಲ್ಲವೂ ಅಪೂರ್ಣವಾಗಿದ್ದವು.

ಯಾರೋ ನನ್ನ ಬನಿಯನ್ ಹಿಡಿದು ಎಳೆದರು. ನೀರಿನಾಚೆಯಿಂದ ತುಳಸಕ್ಕನ ಧ್ವನಿ ಕೇಳಿತು.

“ನಿಂತ್ಕಳ್ರಾ ಹೆಗಡೇರೆ! ಸೊಂಟದ್ಮಟ ನೀರು! ಕಾಲ್ ಊರಿ ನಿಂತ್ಕಳ್ರಾ!”

ಕಾಲೂರಿ ನಿಂತೆ. ಹೌದು, ಸೊಂಟದ ಮಟ್ಟ.

ಕೆಮ್ಮುತ್ತ ಕಣ್ಣು ಒರೆಸಿಕೊಂಡು ದಡ ನೋಡಿದರೆ ಫಲಾನುಭವಿ ಇಲ್ಲ. ನನ್ನನ್ನು ಹುಡುಕಿಕೊಂಡು ನೀರಿಗೆ ಬಿತ್ತೇ? ಮಂಗಲಾ ದಡದಿಂದ ಕೈ ತೋರಿಸುತ್ತಿದ್ದಳು.

“ಅಲ್ನೋಡಿ! ನಿಮ್ಮ ಹಾಂಗೇ ಮಾಡ್ತಾ ಇದ್ದು!”

ನನ್ನಿಂದ ಎರಡು ಮಾರು ದೂರದಲ್ಲಿ ಫಲಾನುಭವಿ ಇತ್ತು. ತಲೆ ಕೆಳಗೆ, ಹಿಂಭಾಗ ಮೇಲೆ! ಬಾಲ ಒಮ್ಮೆ ಅಲ್ಲಾಡಿತು, ಮುಳುಗಿತು, ಆಚೆ ಎದ್ದಿತು, ಮತ್ತೆ ಮುಳುಗಿತು. ತುಳಸಕ್ಕ ಬಿದ್ದು ಬಿದ್ದು ನಕ್ಕಳು.

“ನೀರ್‌ನಾಯಿ ಮುಳ್ಗೂದು ಹಿಂಗೇಯಾ ಹೆಗಡೇರೆ! ಅದ್ರ ತಾಯಿನೂ ಇಷ್ಟ್ ಚಂದ ಕಲಸ್ತಿತ್ತಿಲ್ಲ!”

ಮನುಷ್ಯ ಮುಳುಗಿ ಸಾಯುವ ಭಂಗಿಯೂ ನೀರುನಾಯಿ ಬೇಟೆಯಾಡುವ ಭಂಗಿಯೂ ಒಂದೇ ಎಂದು ಜಗತ್ತಿಗೆ ತೋರಿಸಿಕೊಟ್ಟ ಕೀರ್ತಿ ನನ್ನದು!

ಆಮೇಲೆ ಪ್ರತಿ ಭಾನುವಾರ ಕೇಣಿ. ಕಾಯಿ ಎದೆಗೆ ಬಂತು, ನಾನು ತೇಲಿದೆ, ಆದರೆ ತೇಲುವುದರಿಂದ ಮುಂದೆ ಹೋಗಲಿಲ್ಲ. ಶಿಷ್ಯ ಮಾತ್ರ ಮುಂದೆ ಮುಂದೆ ಹೋಯಿತು. ಹೋಳಿಯ ಹೊತ್ತಿಗೆ ಸೀಗಡಿ ಹಿಡಿಯಿತು. ಯುಗಾದಿಯ ಮರುವಾರ ತನ್ನಷ್ಟೇ ಉದ್ದದ ಮೀನೊಂದನ್ನು ಎಳೆದು ತಂದು ದಡದಲ್ಲಿ ಕೂತು ತಿಂದಿತು. ಸಸ್ಯಾಹಾರಿಯಾದ ನಾನು ಹೆಮ್ಮೆಯಿಂದ ಎದೆಯುಬ್ಬಿಸಿ, “ಒಳ್ಳೇ ತಾಜಾ ಮೀನು!” ಎಂದು ಉದ್ಗರಿಸಿದೆ. ಮಂಗಲಾ ನನ್ನನ್ನು ವಿಚಿತ್ರವಾಗಿ ನೋಡಿದಳು.

ಮೇ ತಿಂಗಳ ಕೊನೆಯ ಭಾನುವಾರ ರೇಂಜರ್ ಸಾಹೇಬರು ಕೇಣಿಗೆ ಬಂದರು. ನಮ್ಮ ಮೇಲಧಿಕಾರಿಗಳು ಬಂದರು. ಮತ್ಸ್ಯಾಸನದ ಪರಿಣಾಮ ನೋಡಲು ನಾಯಕ ಮಾಸ್ತರರೂ ಬಂದರು. ಆಚೆ ದಡದಲ್ಲಿ ನೀರುನಾಯಿ ಸಂಸಾರ ಆಗಲೇ ಸಿಳ್ಳೆ ಹಾಕುತ್ತಿತ್ತು. ಫಲಾನುಭವಿ ಕಿವಿ ನಿಮಿರಿಸಿತು. ನೀರಿನ ಅಂಚಿನವರೆಗೆ ಹೋಯಿತು. ನಿಂತಿತು. ಇಷ್ಟು ಜನರನ್ನು ಕಂಡು ಗಾಬರಿಯಾಗಿ ಹಿಂದಿರುಗಿ ಬಂದು ನನ್ನ ಪಾದದ ಮೇಲೆ ಕೂತಿತು.

ನಾಲ್ಕು ಸಲ ಬಿಟ್ಟೆ. ನಾಲ್ಕು ಸಲವೂ ಬಂತು.

“ಕಷ್ಟ ಹೆಗಡೆಯವರೇ. ಮಳೆ ಬಂದೇ ಬಿಟ್ಟಿತು. ಇವತ್ತು ಹೋಗದಿದ್ದರೆ ನಾನು ಮೃಗಾಲಯಕ್ಕೆ ಬರೆಯಬೇಕಾಗುತ್ತದೆ” ಎಂದರು ರೇಂಜರ್ ಸಾಹೇಬರು. ಅವರ ಮುಖವೂ ಸಣ್ಣದಾಗಿತ್ತು.

ನನಗೆ ದಾರಿ ಗೊತ್ತಿತ್ತು. ತಾಯಿ ಮುಂದೆ ಇಳಿಯಬೇಕು. “ಮಂಗಲಾ, ಕಾಯಿ ಕೊಡೇ” ಎಂದೆ.

“ಇವತ್ತು ಕಡೇ ದಿನ ಅಲ್ದಾ? ಒಡೆದಾತು, ಚಟ್ನಿಯೂ ಆತು” ಎಂದಳು ಮಂಗಲಾ.

ಏಳು ತಿಂಗಳು ನನ್ನ ಬೆನ್ನ ಹಿಂದೆ ಓಡಾಡಿದ ಜೀವ. ನೋಡಿದೆ, ಇಳಿದೇ ಬಿಟ್ಟೆ. ಹೊಸ ಪ್ಯಾಂಟು, ಜೇಬಿನಲ್ಲಿ ಪೆನ್ನು, ಎಲ್ಲದರ ಸಮೇತ! ಎದೆಮಟ್ಟ ನೀರಿಗೆ ಹೋಗಿ, ಮೇಲಧಿಕಾರಿಗಳ ಸಮ್ಮುಖದಲ್ಲಿ, ತಲೆ ಕೆಳಗೆ ಮಾಡಿ, ಹಿಂಭಾಗ ಮೇಲೆತ್ತಿ, ನನಗೆ ತಿಳಿದ ಆ ಒಂದೇ ಭಂಗಿಯಲ್ಲಿ ಮುಳುಗಿದೆ.

ಮಸುಕು ಹಸಿರು ನೀರಿನಲ್ಲಿ ಏನೋ ನುಣುಪಾಗಿ ನನ್ನ ಕೆನ್ನೆ ಸವರಿ ಮುಂದೆ ಹೋಯಿತು. ಈ ಸಲ ನಾನಾಗಿಯೇ ಕಾಲೂರಿ ಎದ್ದೆ. ನಡುಹಳ್ಳದಲ್ಲಿ ಒಂದು ತಲೆ ಕಾಣಿಸಿತು. ಬಾಯಲ್ಲಿ ಬೆಳ್ಳಗೆ ಹೊಳೆಯುವ ಮೀನು! ಆಚೆಯಿಂದ ಸಿಳ್ಳೆ ಬಂತು. ಈಚೆಯಿಂದ ಇದೂ ಸಿಳ್ಳೆ ಹಾಕಿತು. ನಾಲ್ಕು ತಲೆಗಳು ಎದುರು ಬಂದವು, ಮೂಸಿದವು, ಸುತ್ತಿದವು. ಆಮೇಲೆ ಐದೂ ತಲೆಗಳು ಒಟ್ಟಿಗೆ ತಿರುವಿನಾಚೆ ಹೋದವು. ಫಲಾನುಭವಿ ಒಂದು ಸಲವೂ ತಿರುಗಿ ನೋಡಲಿಲ್ಲ.

ದಡದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ತುಳಸಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, “ಗೆದ್ರಿ ಹೆಗಡೇರೆ!” ಎಂದಳು. ನಾನೂ ಅತ್ತೆ, ಸಂತೋಷಕ್ಕೇ ಅತ್ತೆ. ಮುಖವೆಲ್ಲ ಒದ್ದೆಯಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಹದಿನಾಲ್ಕು ವರ್ಷದಲ್ಲಿ ನಾನು ಕಣ್ಣಾರೆ ನೋಡಿದ, ಪೂರ್ತಿ ಮುಗಿದ ಪುನರ್ವಸತಿ ಅದೊಂದೇ.

ವಾರದ ನಂತರ ರೇಂಜರ್ ಸಾಹೇಬರ ವರದಿ ಬಂತು. ಮಂಗಲಾ ಅದನ್ನು ಕೇರಿಗೆಲ್ಲ ಕೇಳುವಂತೆ ಓದಿದಳು. ಅದರಲ್ಲಿದ್ದುದು ಎರಡೇ ಸಾಲು. “ಮರಿಯು ಈಜುವಲ್ಲಿ ಹಾಗೂ ಬೇಟೆಯಲ್ಲಿ ಸಂಪೂರ್ಣ ಸ್ವಾವಲಂಬಿಯಾಗಿದ್ದು, ಇನ್ನು ಯಾವುದೇ ಮೇಲ್ವಿಚಾರಣೆಯ ಅಗತ್ಯವಿರುವುದಿಲ್ಲ. ಸದರಿ ಪಾಲಕರನ್ನು ಮಾತ್ರ ಯಾವುದೇ ಕಾರಣಕ್ಕೂ ಒಬ್ಬರನ್ನೇ ನೀರಿಗೆ ಬಿಡತಕ್ಕದ್ದಲ್ಲ.”

ಅದರ ಮೂರು ಪ್ರತಿ ತೆಗೆದು, ಸಹಿ ಹಾಕಿ, ಕಡತಕ್ಕೆ ಸೇರಿಸಿದವನೂ ನಾನೇ!