ಕದ ತಟ್ಟಲು ಬಿಲ್ಲೆ

ಬೆಳಿಗ್ಗೆ ಹೆಂಡತಿ ಲೋರ್ನಾ ಮೇಜಿನ ಮೇಲೆ ನಾಲ್ಕು ಚೀಲ ಜುಕಿನಿ ತಂದು ಕುಕ್ಕಿದಳು. "ಇದನ್ನ ಯಾರಿಗಾದ್ರೂ ಕೊಟ್ಟು ಬಾ. ಇಲ್ಲಾಂದ್ರೆ ಇವತ್ತೂ ಜುಕಿನಿ ಬ್ರೆಡ್ಡೇ!" ವೆಂಡೆಲ್ ಕ್ರೌಸನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಅಯೋವಾದ ಮಿಲೋಡೇಲಿನಲ್ಲಿ ಆಗಸ್ಟ್ ಬಂತೆಂದರೆ ಎಲ್ಲರ ಹಿತ್ತಲಲ್ಲೂ ಸೌತೆಕಾಯಿಯಂಥ ಈ ಜುಕಿನಿಯೇ. ಬೆಳೆಯುವವರುಂಟು, ತಿನ್ನುವವರಿಲ್ಲ. ಕಳ್ಳರ ಭಯವೇ ಇಲ್ಲದ ಊರು, ಆ ಒಂದು ತಿಂಗಳು ಮಾತ್ರ ಕಾರಿಗೆ ಬೀಗ ಹಾಕುತ್ತದೆ.

ಪಕ್ಕದ ಬೀದಿಯ ಹೇಜಲ್ ಪ್ರೂಯಿಟ್ ಕದವನ್ನು ಎರಡೇ ಬೆರಳಷ್ಟು ತೆರೆದಳು. "ಬಿಲ್ಲೆ ಎಲ್ಲಿ ವೆಂಡೆಲ್?"

"ಯಾವ ಬಿಲ್ಲೆ? ಜುಕಿನಿ ಕೊಡೋಕೆ ಬಂದೆ ಕಣಮ್ಮ, ಪುಕ್ಕಟೆ!"

"ಪುಕ್ಕಟೆ ಅಂತ ಬಂದವರೇ ಟೋಪಿ ಹಾಕೋದು ಅಂತ ಭಾಷಣ ಬಿಗಿದೋನು ನೀನೇ ತಾನೆ?"

ವೆಂಡೆಲ್‌ಗೆ ಆಗ ನೆನಪಾಯಿತು. ಊರಿನ ಗುಮಾಸ್ತನಾಗಿ ಹೋದ ವರ್ಷ ಕಾನೂನು ಬರೆದವನು ಅವನೇ. ಊರ ಕಚೇರಿಯ ಪರವಾನಗಿ ಬಿಲ್ಲೆಯಿಲ್ಲದೆ ಯಾರೂ ಮನೆ ಕದ ತಟ್ಟಿ ಏನನ್ನೂ ಮಾರಕೂಡದು ಎಂದು ಬರೆದು, ಅಷ್ಟಕ್ಕೇ ಸುಮ್ಮನಿರದೆ 'ಕೊಡಲೂ ಕೂಡದು' ಎಂದು ಸೇರಿಸಿದ್ದ. ಹೇಜಲ್ ಆಗಲೇ ಪೊಲೀಸರಿಗೆ ಫೋನು ಮಾಡಿಯಾಗಿತ್ತು.

"ಕ್ಷಮಿಸಿ ಸಾರ್, ಕಾನೂನು ನಿಮ್ಮದೇ" ಎಂದ ಪೊಲೀಸಿನ ಡೆಲ್ಬರ್ಟ್. ಅವನ ಹಿಂದೆಯೇ ಕಾರು ಓಡಿಸಿಕೊಂಡು ಹೋದ ವೆಂಡೆಲ್, ಗಾಬರಿಯಲ್ಲಿ ಕಾರಿಗೆ ಬೀಗ ಹಾಕುವುದನ್ನೇ ಮರೆತು ಕಚೇರಿ ಹೊಕ್ಕ. ಬಿಲ್ಲೆಯ ಅರ್ಜಿಗೆ ಬೆರಳಚ್ಚು ಒತ್ತಲು, ತಾನೇ ತರಿಸಿಟ್ಟಿದ್ದ ಶಾಯಿಯಲ್ಲಿ ಹತ್ತೂ ಬೆರಳು ಅದ್ದಿದ. ಸಂಜೆ ಆರರೊಳಗೆ ಬಿಲ್ಲೆ ಪಡೆದರೆ ಕೇಸಿಲ್ಲ. ಪಡೆಯದಿದ್ದರೆ ತಪ್ಪಿತಸ್ಥ, ತಪ್ಪಿತಸ್ಥನಿಗೆ ಊರಿನ ನೌಕರಿಯಿಲ್ಲ. ಬಿಲ್ಲೆ ಬೇಕಾದರೆ 'ಈತ ಸಭ್ಯ' ಎಂದು ಮನೆಯವರಲ್ಲದ, ಊರಿನ ಯಾರಾದರೊಬ್ಬರು ಸಹಿ ಹಾಕಬೇಕು.

ಒಂದೇ ಸಹಿ, ಅದೇನು ಮಹಾ ಎಂದುಕೊಂಡು ಕ್ಷೌರದಂಗಡಿಯ ರಾಸ್ಕೋಗೆ ಫೋನು ಮಾಡಿದ.

"ಹಾಕ್ತಿದ್ದೆ ಕಣೋ. ಆದ್ರೆ ನನ್ನ ಬೋರ್ಡು ಎರಡಿಂಚು ಉದ್ದ ಅಂತ ನೋಟೀಸು ಕೊಟ್ಟಿದ್ದೀಯಲ್ಲ? ಅಂಥ ಅಪರಾಧಿ ಸಹಿ ನಿನಗ್ಯಾಕೆ?"

ಪಾದ್ರಿಗಳು, "ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಪ್ಪ, ಸಹಿ ಮಾತ್ರ ಕೇಳಬೇಡ" ಎಂದರು. ಮಧ್ಯಾಹ್ನವೆಲ್ಲ ಹೀಗೆಯೇ ಕಳೆಯಿತು. ಇಪ್ಪತ್ತಾರು ವರ್ಷ ಈ ಊರಿನ ಕಾಗದಪತ್ರ ಕಾಪಾಡಿದವನಿಗೆ ಸಭ್ಯನೆನ್ನುವ ಒಬ್ಬ ಮನುಷ್ಯನೂ ಸಿಗಲಿಲ್ಲ.

ಆರಕ್ಕೆ ಹತ್ತು ನಿಮಿಷವಿದ್ದಾಗ ಟೋಪಿ ಕೈಲಿ ಹಿಡಿದು ಒಳಬಂದವನು ಮುದುಕ ಏಮಸ್ ಟಟಲ್. ಮೂವತ್ತು ವರ್ಷ ಮನೆಮನೆಗೆ ಪೊರಕೆ ಮಾರಿದವನು. ಹೋದ ವರ್ಷ ಬಿಲ್ಲೆಗೆಂದು ಬಂದು, "ನನ್ನನ್ನ ಬಲ್ಲೋರು ನೀವೇ, ಒಂದು ಸಹಿ ಹಾಕಿ ಸಾಹೇಬ್ರೇ" ಎಂದಿದ್ದ. "ಗುಮಾಸ್ತ ಸಹಿ ಹಾಕೋ ಹಾಗಿಲ್ಲ" ಎಂದು ವೆಂಡೆಲ್ ಸಾಗಹಾಕಿದ್ದ.

ಏಮಸ್ ತಾನಾಗಿಯೇ ಕಾಗದ ಎಳೆದುಕೊಂಡು ಸಹಿ ಮಾಡಿದ. "ಅವತ್ತು ನನಗೂ ಕಮ್ಮಿಯಾಗಿದ್ದು ಒಂದೇ ಸಹಿ."

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ವೆಂಡೆಲ್ ತಡೆದುಕೊಳ್ಳುತ್ತಿದ್ದ.

"ಏಮಸ್, ಅಂಥ ನಿಯಮವೇ ಇರ್ಲಿಲ್ಲ. ನಾನು ಸುಳ್ಳು ಹೇಳಿದ್ದು."

"ಗೊತ್ತಿತ್ತು."

"ಈಗ ಹಾಕ್ತೀನಿ, ಅರ್ಜಿ ಕೊಡು."

"ಬೇಡಿ ಸಾಹೇಬ್ರೇ. ವರ್ಷ ಕೂತ ಕಾಲು, ಇನ್ನು ನಡೆಯೋಲ್ಲ."

ವೆಂಡೆಲ್ ತಲೆ ತಗ್ಗಿಸಿದ. ಬಿಲ್ಲೆ ಬಂತು, ನೌಕರಿ ಉಳಿಯಿತು. ಮುದುಕನನ್ನು ಮನೆಗಾದರೂ ಬಿಟ್ಟು ಬರೋಣವೆಂದು ಹೊರಗೆ ಕರೆತಂದ.

ಕಾರಿನೊಳಗೆ ಕೂರಲು ಜಾಗವಿರಲಿಲ್ಲ. ಬೆಳಗಿನ ನಾಲ್ಕು ಚೀಲ ಈಗ ಹತ್ತೊಂಬತ್ತಾಗಿತ್ತು. ಊರೆಲ್ಲ ಬಂದು ತಮ್ಮ ಜುಕಿನಿ ತುಂಬಿ ಹೋಗಿದ್ದರು. ಸ್ಟೀರಿಂಗಿನ ಮುಂದಿನ ಸೀಟಿನಲ್ಲಿದ್ದ ಚೀಲದ ಬಾಯಿಗೆ ಪೊರಕೆ ಕಟ್ಟುವ ಕೆಂಪು ದಾರ.

ವೆಂಡೆಲ್ ದಾರ ನೋಡಿದ, ಏಮಸನನ್ನು ನೋಡಿದ.

"ಇಡೋಕೇ ಬಂದಿದ್ದೆ" ಎಂದ ಏಮಸ್, ಟೋಪಿ ತಿರುಗಿಸುತ್ತ. "ಬಂದವನು ಹಾಗೇ ಕಚೇರಿ ಒಳಗೂ ಇಣುಕಿದೆ. ಮನೆ ಕದ ತಟ್ಟಬಾರ್ದು ಅಂತ ಬರೆದ್ರಿ. ಕಾರಿನ ಕದದ ಬಗ್ಗೆ ಏನೂ ಬರೀಲಿಲ್ಲವಲ್ಲ ಸಾಹೇಬ್ರೇ."

ವೆಂಡೆಲ್ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಕೂತ. ಈಗ ಯಾರ ಮನೆಯ ಕದವನ್ನಾದರೂ ತಟ್ಟಬಹುದಿತ್ತು. ಹತ್ತೊಂಬತ್ತು ಚೀಲ ಜುಕಿನಿ ಹೊತ್ತವನಿಗೆ ತೆರೆಯುವವರು ಮಾತ್ರ ಯಾರೂ ಇರಲಿಲ್ಲ, ಲೋರ್ನಾ ಕೂಡ.